ನ್ಯಾಮತಿ ಗುಡಿಯ ವಾರೆ ಹೆಡ್ಡು

ನಾನು ಕಂಪ್ಯೂಟರ್ ಬಲ್ಲವನು ಎಂಬ ಸುದ್ದಿ ನಮ್ಮ ಬಳಗದಲ್ಲಿ ಹೇಗೆ ಹಬ್ಬಿತೋ ತಿಳಿಯದು. ಹಬ್ಬಿದ ಮೇಲೆ ನಾನು ಅದನ್ನು ಅಲ್ಲಗಳೆಯಲಿಲ್ಲ ಎಂಬುದು ಮಾತ್ರ ನಿಜ. ದಾವಣಗೆರೆಯ ಮಿಲ್ಲಿನ ಆಫೀಸಿನಲ್ಲಿದ್ದಾಗ ಸಂಜೆ ಹೊತ್ತು ರೇಡಿಯೋ ರಿಪೇರಿ ತರಗತಿಗೆ ಹೋಗುತ್ತಿದ್ದೆ. ಅದರ ಕೊನೆಯ ಭಾಗದಲ್ಲಿ ಕಂಪ್ಯೂಟರ್ ಎಂಬ ಪಾಠವೂ ಇತ್ತು. ತರಗತಿಯಲ್ಲಿ ಕಂಪ್ಯೂಟರ್ ಇರಲಿಲ್ಲ. ನಮ್ಮ ಮೇಷ್ಟ್ರು ತಿಪ್ಪೇರುದ್ರಸ್ವಾಮಿಯವರು ಅದನ್ನು ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿದ್ದರು. ನಾನು ಕಂಪ್ಯೂಟರನ್ನು ಮೊದಲ ಸಲ ಮುಟ್ಟಿದ್ದು ಆ ಬೋರ್ಡಿನ ಮೇಲೆ, ಅದೂ ಒರೆಸುವಾಗ.

ಆಮೇಲೆ ಚನ್ನಗಿರಿಯ ಅಡಿಕೆ ಸೊಸೈಟಿಯಲ್ಲಿ ಗುಮಾಸ್ತನಾದೆ. ಮನೆಯಲ್ಲಿ ಒಂದು ಮೇಜು, ಬೆಸುಗೆ ಕಡ್ಡಿ, ಸಣ್ಣ ಸ್ಕ್ರೂ ಡ್ರೈವರುಗಳ ಒಂದು ಕಟ್ಟು ಇಟ್ಟುಕೊಂಡು ಅವರಿವರ ರೇಡಿಯೋ ನೋಡುತ್ತಿದ್ದೆ. ಬಿಚ್ಚುವ ಮೊದಲು ಪ್ರತಿ ಸ್ಕ್ರೂ ಎಲ್ಲಿತ್ತೆಂದು ಚಿತ್ರ ಬರೆದುಕೊಳ್ಳುವವನು ನಾನು. ಮುಚ್ಚಿದ ಮೇಲೆ ಒಂದು ಸ್ಕ್ರೂ ಉಳಿದರೆ ಆ ವಾರವೆಲ್ಲ ನಿದ್ದೆ ಬರುತ್ತಿರಲಿಲ್ಲ. ನನ್ನ ಹೆಂಡತಿ ಸರ್ವಮಂಗಳಮ್ಮ, ಇವರು ರಿಪೇರಿ ಮಾಡಿದ ರೇಡಿಯೋಕ್ಕಿಂತ ಇವರ ಮುಖವೇ ಹೆಚ್ಚು ಕೆಟ್ಟಿರುತ್ತೆ ಎಂದು ನಮ್ಮತ್ತೆಯ ಎದುರಿಗೇ ಹೇಳಿದ್ದಾಳೆ.

ಎಂಬತ್ತೆಂಟರ ಬೇಸಗೆಯಲ್ಲಿ ನನ್ನ ಚಿಕ್ಕಪ್ಪನ ಮಗಳು ರುದ್ರಾಣಿ ಜಗಳೂರಿನಿಂದ ಬಂದು ನನ್ನ ಮೇಜಿನ ಮೇಲೆ ಒಂದು ಕ್ಯಾಸೆಟ್ ಇಟ್ಟಳು. ಅವಳು ಅಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಲೆಕ್ಕದ ಮೇಡಂ. ಐದಾರು ವರ್ಷದ ಹಿಂದೆ ನ್ಯಾಮತಿಯಲ್ಲಿದ್ದಾಗ ಅವಳ ಅಣ್ಣ ಕುವೈತಿನಿಂದ ಒಂದು ಮನೆ ಕಂಪ್ಯೂಟರ್ ತಂದುಕೊಟ್ಟಿದ್ದ. ಸ್ಲೇಟಿನಷ್ಟು ದೊಡ್ಡದು, ರಬ್ಬರಿನ ಗುಂಡಿಗಳು. ಅದನ್ನು ಟಿವಿಗೆ ಜೋಡಿಸಬೇಕು. ಬರೆದದ್ದನ್ನು ಉಳಿಸಿಕೊಳ್ಳಬೇಕಾದರೆ ಟೇಪ್ ರೆಕಾರ್ಡರಿಗೆ ಜೋಡಿಸಬೇಕು. ಆಗ ಅದು ಎಲ್ಲವನ್ನೂ ಒಂದು ಕರ್ಕಶ ಕೂಗಾಗಿ ಕ್ಯಾಸೆಟ್ಟಿನಲ್ಲಿ ತುಂಬುತ್ತದೆ. ಮತ್ತೆ ಬೇಕೆಂದಾಗ ಆ ಕೂಗನ್ನೇ ಕೇಳಿಸಿದರೆ ಮರಳಿ ಓದಿಕೊಳ್ಳುತ್ತದೆ. ಅದಕ್ಕೆ ಇಂಗ್ಲಿಷ್ ಬಿಟ್ಟು ಬೇರೆ ಅಕ್ಷರ ಗೊತ್ತಿರಲಿಲ್ಲ. ರುದ್ರಾಣಿ ಎರಡು ಬೇಸಗೆ ರಜೆ ಕೂತು, ಚೌಕಳಿ ಹಾಳೆಯ ಮೇಲೆ ಕನ್ನಡದ ಒಂದೊಂದು ಅಕ್ಷರವನ್ನೂ ಚುಕ್ಕೆ ತುಂಬಿ ಬರೆದು, ಒತ್ತಕ್ಷರಗಳಿಗೆ ಜಾಗ ಹೊಂದಿಸಿ, ಎಲ್ಲವನ್ನೂ ಅದಕ್ಕೆ ಕಲಿಸಿದ್ದಳು. ಟೇಪಿನಲ್ಲಿ ಇದ್ದೇ ಇದೆಯಲ್ಲ ಎಂಬ ಧೈರ್ಯದಿಂದ ಆ ಹಾಳೆಗಳನ್ನು ಮಕ್ಕಳ ಪುಸ್ತಕಕ್ಕೆ ಬೈಂಡ್ ಹಾಕಲು ಕೊಟ್ಟುಬಿಟ್ಟಿದ್ದಳು. ಜಗಳೂರಿಗೆ ವರ್ಗವಾಗಿ ಹೊಸ ಟೇಪ್ ರೆಕಾರ್ಡರ್ ಕೊಂಡಳು. ಅದರಲ್ಲಿ ಈ ಕ್ಯಾಸೆಟ್ ಒಂದು ಸಲವೂ ಓದಲಿಲ್ಲ.

ಈಗ ಅದು ಓದಲೇಬೇಕಾಗಿತ್ತು. ಸರ್ಕಾರದಿಂದ ಜಗಳೂರಿನ ಒಂದು ಶಾಲೆಗೆ ಕಂಪ್ಯೂಟರ್ ಮಂಜೂರಾಗುವುದರಲ್ಲಿತ್ತು. ಅದು ಹುಡುಗರ ಹೈಸ್ಕೂಲಿಗೇ ಎಂದು ಎಲ್ಲರೂ ತೀರ್ಮಾನಿಸಿದ್ದರು. ರುದ್ರಾಣಿ ಹೋಗಿ ಕೇಳಿದ್ದಕ್ಕೆ ಚಿತ್ರದುರ್ಗದ ಅಧಿಕಾರಿಗಳು, ನಿಮ್ಮ ಹುಡುಗಿಯರಿಗೆ ಇಂಗ್ಲಿಷ್ ಬರಲ್ಲ, ಅದಕ್ಕೆ ಕನ್ನಡ ಬರಲ್ಲ, ಇಬ್ಬರೂ ಮುಖ ಮುಖ ನೋಡಿಕೊಂಡು ಕೂರಬೇಕಾ ಎಂದಿದ್ದರಂತೆ. ಇವಳು, ಕನ್ನಡ ಬರುತ್ತೆ ಸಾರ್, ಬಂದು ನೋಡಿ ಎಂದು ಹೇಳಿ ಬಂದಿದ್ದಳು. ಶಾಲೆ ತೆರೆದ ವಾರವೇ ಬರುತ್ತೇನೆ ಎಂದು ಅವರು ಒಪ್ಪಿದ್ದರು.

"ಮತ್ತೆ ಬರೆಯಾಕಾಗಲ್ವಾ?" ಎಂದು ಕೇಳಿದೆ.

"ಎರಡು ಬೇಸಗೆ ಹಿಡೀತಣ್ಣ. ಇರೋದು ಈ ಬೇಸಗೆಯ ಬಾಲ," ಎಂದಳು. "ನೀನು ಕಂಪ್ಯೂಟರ್ ಓದಿದೋನು. ಹೆಂಗಾದ್ರೂ ಮಾಡಿ ಎತ್ತಿಕೊಡು."

ಬೋರ್ಡು ಒರೆಸಿದ ವಿಷಯ ಹೇಳಲು ಅದು ಸರಿಯಾದ ಸಮಯವಾಗಿತ್ತು. ನಾನು ಕನ್ನಡಕ ಒರೆಸಿಕೊಂಡು, "ನೋಡೋಣ" ಎಂದೆ.

ನೋಡಿದೆ. ಕ್ಯಾಸೆಟ್ಟಿನ ಐದು ಸ್ಕ್ರೂ ಬಿಚ್ಚಿ, ಒಳಗೆ ಉದುರಿಹೋಗಿದ್ದ ಫೆಲ್ಟಿನ ಚೂರಿಗೆ ಬದಲಾಗಿ ಹೊಸ ಚೂರು ಅಂಟಿಸಿದೆ. ಟೇಪಿನ ಸುರುಳಿಗಳನ್ನು ಹೊಸ ಡಬ್ಬಿಗೆ ವರ್ಗಾಯಿಸಿದೆ. ಆ ಕೆಲಸ ಮಾಡುವಾಗ ಸರ್ವಮಂಗಳ ಫ್ಯಾನ್ ಹಾಕಿದಳು, ನಾನು ಕಿರುಚಿದ್ದು ಪಕ್ಕದ ಮನೆಗೂ ಕೇಳಿಸಿತಂತೆ. ನನ್ನ ಟೇಪ್ ರೆಕಾರ್ಡರಿನ ಹೆಡ್ಡನ್ನು, ಅಂದರೆ ಟೇಪು ಉಜ್ಜಿಕೊಂಡು ಹೋಗುವ ಆ ಹೊಳೆಯುವ ಚಿಕ್ಕ ತುಂಡನ್ನು, ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸಿದೆ. ಟೇಪನ್ನು ಈ ತುದಿಯಿಂದ ಆ ತುದಿಗೆ ಓಡಿಸಿ ಸಡಿಲ ಮಾಡಿದೆ. ರುದ್ರಾಣಿ ತಂದಿದ್ದ ಕಂಪ್ಯೂಟರಿಗೆ ತಂತಿ ಸಿಕ್ಕಿಸಿ ಹಚ್ಚಿದೆ.

ಟಿವಿಯ ಅಂಚಿನಲ್ಲಿ ಬಣ್ಣದ ಪಟ್ಟಿಗಳು ಓಡಿದವು. ಆಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು: ಟೇಪ್ ಲೋಡಿಂಗ್ ಎರರ್. ಸದ್ದು ಹೆಚ್ಚಿಸಿದೆ, ತಗ್ಗಿಸಿದೆ. ಅದೇ ಸಾಲು. ಅವಳ ಅಣ್ಣ ಕೊಟ್ಟಿದ್ದ ಆಟದ ಕ್ಯಾಸೆಟ್ ಹಾಕಿದರೆ ಅದು ಅಚ್ಚುಕಟ್ಟಾಗಿ ಓದಿಕೊಂಡು, ಒಂದು ಕಪ್ಪೆ ರಸ್ತೆ ದಾಟತೊಡಗಿತು. ಸರ್ವಮಂಗಳ ಅದನ್ನು ನೋಡಿ, ಕಪ್ಪೆಗೆ ಇರೋ ಬುದ್ಧಿ ಆ ಟೇಪಿಗೆ ಯಾಕಿಲ್ಲ ಎಂದಳು.

ಎರಡೂ ಟೇಪಿನ ಕೂಗನ್ನು ಕಿವಿಗೊಟ್ಟು ಕೇಳಿದೆ. ಕಪ್ಪೆಯ ಕೂಗು ಗಾಜು ಕೆರೆದಂತೆ ಚೂಪಾಗಿತ್ತು. ರುದ್ರಾಣಿಯದು ಕಂಬಳಿ ಹೊದ್ದು ಕಿರುಚಿದಂತೆ ಮಂದ. ಟೇಪಿಗೆ ವಯಸ್ಸಾಗಿದೆ ಎಂದು ನಿರ್ಧರಿಸಿದೆ. ಬಾಗಿಲ ಚಿಲಕ ಹಾಕಿದೆನೋ ಇಲ್ಲವೋ ಎಂದು ಮತ್ತೆ ಎದ್ದು ನೋಡುವ ಮನುಷ್ಯ ನಾನು. ನನ್ನ ಕೈ, ಕಣ್ಣು, ಬುದ್ಧಿ ಎಲ್ಲವನ್ನೂ ಅನುಮಾನಿಸುತ್ತೇನೆ. ಆದರೆ ನನ್ನ ಟೇಪ್ ರೆಕಾರ್ಡರ್ ನೆಟ್ಟಗಿದೆ ಎಂಬುದರಲ್ಲಿ ಮಾತ್ರ ನನಗೆ ಒಂದು ಚೂರೂ ಅನುಮಾನ ಬರಲಿಲ್ಲ.

ಹೊರಡುವಾಗ ರುದ್ರಾಣಿಗೆ ಒಂದು ನೆನಪಾಯಿತು. ಇದರದೇ ಇನ್ನೊಂದು ಪ್ರತಿ ಮಾಡಿ ನ್ಯಾಮತಿಯ ಮನೆಯಲ್ಲಿ, ಅಂದರೆ ಅವಳು ಬಾಡಿಗೆಗಿದ್ದ ಕಸ್ತೂರಮ್ಮನವರ ಮನೆಯಲ್ಲಿ, ಗೂಡಿನಲ್ಲಿ ಬಿಟ್ಟು ಬಂದಿದ್ದಳಂತೆ. ನಾನೇ ಹೋಗಿ ಹುಡುಕುತ್ತೇನೆ ಎಂದೆ. ಹಾಗೆಂದರೆ ಸ್ವಲ್ಪ ದಿನವಾದರೂ ಸೋಲನ್ನು ಮುಂದೂಡಿದಂತಾಗುತ್ತದೆ.

ದಾರಿಯಲ್ಲಿ ಹೊನ್ನಾಳಿಯಲ್ಲಿ ಬಸ್ ಬದಲಿಸಬೇಕು. ತಿಪ್ಪೇರುದ್ರಸ್ವಾಮಿ ಮೇಷ್ಟ್ರು ರಿಟೈರಾಗಿ ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೋ ಅಂಗಡಿ ಇಟ್ಟಿದ್ದರು. ಕ್ಯಾಸೆಟ್ ತೋರಿಸಿದೆ. ಕೇಳಿ ನೋಡಿ ಅವರೂ, ಟೇಪು ಮುದಿಯಾಗಿದೆ, ಬೇರೆ ಪ್ರತಿ ಇದ್ದರೆ ಹುಡುಕು ಎಂದರು. ನನ್ನ ಅಭಿಪ್ರಾಯವೇ ಅವರದೂ ಆಯಿತಲ್ಲ ಎಂದು ನನಗೆ ಸಂತೋಷವಾಯಿತು. ಟೇಪು ಸತ್ತಿದ್ದಕ್ಕೆ ಸಂತೋಷಪಟ್ಟಂತಾಯಿತಲ್ಲ ಎಂದು ಆಮೇಲೆ ನಾಚಿಕೆಯೂ ಆಯಿತು. ಹೊರಡುವಾಗ ಅವರು ತರಗತಿಯಲ್ಲಿ ಹೇಳುತ್ತಿದ್ದ ಮಾತನ್ನೇ ಹೇಳಿದರು: "ಏನಾದ್ರೂ ಮಾಡು, ಹೆಡ್ಡಿನ ಪಕ್ಕದ ಸ್ಕ್ರೂ ಮಾತ್ರ ಮುಟ್ಟಬೇಡ. ಹೆಡ್ಡು ನೆಟ್ಟಗೆ ನಿಲ್ಲೋದು ಅದರಿಂದ."

"ಎಲ್ಲಾದ್ರೂ ಉಂಟೇ ಸಾರ್," ಎಂದೆ.

ಕಸ್ತೂರಮ್ಮ ನನ್ನನ್ನು ಪಡಸಾಲೆಯಲ್ಲಿ ಕೂರಿಸಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಟ್ಟರು. ಅವರ ಯಜಮಾನರು ಜಯದೇವಪ್ಪನವರು ಅಡಿಕೆ ವ್ಯಾಪಾರದ ಮೇಲೆ ಶಿವಮೊಗ್ಗಕ್ಕೆ ಹೋಗಿದ್ದರು. ಗೂಡಿನಲ್ಲಿ ಕ್ಯಾಸೆಟ್ ಇರಲಿಲ್ಲ.

"ಅದಾ? ಹಚ್ಚಿದ್ರೆ ಬರೀ ಕಿರ್ರೋ ಅಂತಿತ್ತು ತಮ್ಮ. ಕೆಟ್ಟೋಗೈತೆ ಅಂತ ದುರುಗಪ್ಪಗೆ ಕೊಟ್ವಿ," ಎಂದರು. ದುರುಗಪ್ಪ ಊರಿನ ಮೈಕ್ ಸೆಟ್ಟಿನವನು. ಆಂಜನೇಯನ ಗುಡಿಯಲ್ಲಿ ಬೆಳಿಗ್ಗೆ, ಸಂಜೆ ಹಾಡು ಹಚ್ಚುವುದೂ ಅವನೇ. ಅವನು ಆ ಕ್ಯಾಸೆಟ್ಟಿನ ಮೇಲೆ ಭಜನೆ ತುಂಬಿಕೊಂಡಿದ್ದ.

ಅಲ್ಲಿಗೆ ಎರಡನೆಯ ಪ್ರತಿಯ ಕಥೆ ಮುಗಿಯಿತು. ಆದರೂ ಕಣ್ಣಾರೆ ನೋಡದೆ ನಂಬುವವನಲ್ಲ ನಾನು. ಸಂಜೆ ಗುಡಿಗೆ ಹೋದೆ. ಕಸ್ತೂರಮ್ಮನೂ ಬಂದರು. ಬಂದವರೇ, ಇವರು ನಮ್ಮ ರುದ್ರಾಣಿ ಮೇಡಂ ಅಣ್ಣ, ದೊಡ್ಡ ಕಂಪ್ಯೂಟರ್ ಇಂಜಿನಿಯರ್ ಎಂದು ಕಟ್ಟೆಯ ಮೇಲೆ ಕೂತಿದ್ದವರಿಗೆಲ್ಲ ಹೇಳಿದರು. ನಾನು ಅಲ್ಲಗಳೆಯಲಿಲ್ಲ. ಕೆಲವರು ಎದ್ದು ನಿಂತರು. ದುರುಗಪ್ಪ ಆ ಕ್ಯಾಸೆಟ್ ತಂದು ತೋರಿಸಿದ, ಎರಡೂ ಬದಿ ಭಜನೆಯೇ.

ಗುಡಿಯ ಮೈಕಿನ ಹಾರ್ನಿನಲ್ಲಿ, ಅಂಗಡಿಯಲ್ಲಿ ಕೊಂಡ ಕಂಪನಿ ಕ್ಯಾಸೆಟ್ಟಿನ ಹಾಡು ಬರುತ್ತಿತ್ತು. ಬರುತ್ತಿತ್ತು ಎನ್ನುವುದಕ್ಕಿಂತ, ಕಾಳು ತುಂಬುವ ನೆಲದಡಿಯ ಹಗೇವಿನೊಳಗೆ ಬಿದ್ದವನೊಬ್ಬ ಸಹಾಯಕ್ಕೆ ಕೂಗುತ್ತಿದ್ದಂತಿತ್ತು. ಮಾತು ಒಂದೂ ಬಿಡಿಯಾಗಿ ಕೇಳುತ್ತಿರಲಿಲ್ಲ. ದುರುಗಪ್ಪ ಗೌರವದಿಂದ ಕೇಳಿದ: "ಕಂಪನಿ ಕ್ಯಾಸೆಟ್ ಹಾಕಿದ್ರೂ ಹಿಂಗೇ ಗುಂಯ್ ಅಂತೈತೆ ಸಾರ್. ಏನಾದ್ರೂ ಮಾಡಾಕೆ ಆಗ್ತೈತಾ?"

ನೋಡಿದೆ. ಗುಡಿಯ ಟೇಪ್ ರೆಕಾರ್ಡರಿನ ಹೆಡ್ಡು ಕಣ್ಣಿಗೆ ಕಾಣುವಷ್ಟು ವಾರೆಯಾಗಿತ್ತು. ಮೇಷ್ಟ್ರ ಮಾತು ನೆನಪಾಯಿತು. ಕಟ್ಟೆಯ ಮೇಲಿನವರೂ ಕಂಡರು. ಜೇಬಿನಲ್ಲಿ ಸ್ಕ್ರೂ ಡ್ರೈವರ್ ಇತ್ತು. ಒಬ್ಬ ಸಂಜೆ ತರಗತಿಯವನನ್ನು ಜೀವಮಾನದಲ್ಲಿ ಎಷ್ಟು ಸಲ ಇಂಜಿನಿಯರ್ ಎಂದು ಕರೆಯುತ್ತಾರೆ? ಹಾಡು ನಡೆಯುತ್ತಿದ್ದ ಹಾಗೆಯೇ ಆ ಸ್ಕ್ರೂ ತಿರುಗಿಸಿದೆ. ಹಗೇವಿನಲ್ಲಿದ್ದವನು ಮೆಟ್ಟಿಲು ಹತ್ತಿ ಹೊರಗೆ ಬಂದ. ತಾಳ ಠಣ್ ಎಂದಿತು, ಹಾರ್ಮೋನಿಯಂ ಬೇರೆಯಾಗಿ ನಿಂತಿತು, ಹನುಮಂತನ ಹೆಸರು ಬಸ್ ಸ್ಟ್ಯಾಂಡಿನವರೆಗೂ ಸ್ಪಷ್ಟವಾಗಿ ಹೋಯಿತು. ದುರುಗಪ್ಪ ಕೈ ಮುಗಿದ. ಪೂಜಾರಿ ಒಂದು ಬಾಳೆಹಣ್ಣು ಹೆಚ್ಚಿಗೆ ಕೊಟ್ಟ.

ರಾತ್ರಿ ಕಸ್ತೂರಮ್ಮನ ಮನೆಯಲ್ಲೇ ಉಳಿದೆ. ಊಟ ಬಡಿಸುತ್ತ ಅವರು ಹೇಳಿದರು: "ಒಳ್ಳೇದು ಮಾಡ್ದೆ ಬಿಡು ತಮ್ಮ. ಅದು ನಮ್ಮ ಮನೇದೇ ಟೇಪ್ ರೆಕಾರ್ಡರ್. ರುದ್ರಾಣಿ ಇದ್ದಾಗ ಅದಕ್ಕೇ ತನ್ನ ಕಂಪ್ಯೂಟರ್ ಸಿಕ್ಕಿಸ್ತಿದ್ಲು. ಹೊಸದು ತಂದ ಮ್ಯಾಲೆ ಗುಡಿಗೆ ಕೊಟ್ವಿ."

ಮುರಿದ ಮುದ್ದೆಯನ್ನು ಮರಳಿ ತಟ್ಟೆಗೇ ಇಟ್ಟೆ.

ಆಗ ಹೊಳೆಯಿತು. ವಾರೆಯಾಗಿ ಬರೆದ ಅಕ್ಷರವನ್ನು ಕತ್ತು ವಾರೆ ಮಾಡಿಯೇ ಓದಬೇಕು. ರುದ್ರಾಣಿಯ ಟೇಪು ಈ ವಾರೆ ಹೆಡ್ಡಿನಲ್ಲಿ ತುಂಬಿದ್ದು. ಅದನ್ನು ನೆಟ್ಟಗಿನ ಹೆಡ್ಡಿನಲ್ಲಿ ಹಚ್ಚಿದರೆ ಮಂದ. ನೆಟ್ಟಗಿನ ಕಂಪನಿ ಕ್ಯಾಸೆಟ್ಟನ್ನು ಈ ವಾರೆ ಹೆಡ್ಡಿನಲ್ಲಿ ಹಚ್ಚಿದರೆ ಅದೂ ಮಂದ. ಟೇಪಿಗೆ ಯಾವ ಮುಪ್ಪೂ ಬಂದಿರಲಿಲ್ಲ. ಅದನ್ನು ಓದಬಲ್ಲ ಯಂತ್ರ ಇಡೀ ಭೂಮಿಯ ಮೇಲೆ ಒಂದೇ ಇತ್ತು, ಅದು ನ್ಯಾಮತಿಯ ಆಂಜನೇಯನ ಗುಡಿಯಲ್ಲಿ ನಾಲ್ಕು ವರ್ಷ ಯಾರೂ ಮುಟ್ಟದೆ ತನ್ನ ವಾರೆಯನ್ನು ಕಾಪಾಡಿಕೊಂಡಿತ್ತು. ನಾನು ಬಂದು ಸರಿ ಮಾಡಿದ್ದೆ.

ಸ್ಕ್ರೂ ಎಷ್ಟು ತಿರುಗಿಸಿದ್ದೆ? ಪ್ರತಿ ಸ್ಕ್ರೂವಿಗೂ ಚಿತ್ರ ಬರೆಯುವ ನಾನು ಅಂದು ಬರೆದಿರಲಿಲ್ಲ. ಇಂಜಿನಿಯರುಗಳು ಚಿತ್ರ ಬರೆಯುವುದಿಲ್ಲ ಎಂದು ಅಂದುಕೊಂಡಿದ್ದಿರಬೇಕು. ಚಾಪೆಯ ಮೇಲೆ ಮಲಗಿ ಜಗಳೂರಿಗೆ ಹೋಗಿ ಏನು ಹೇಳುವುದೆಂದು ಬಗೆಬಗೆಯಾಗಿ ಜೋಡಿಸಿದೆ. ಯಾವುದರಲ್ಲೂ ನಾನು ಮನುಷ್ಯನಾಗಿ ಕಾಣಲಿಲ್ಲ.

ಬೆಳಿಗ್ಗೆ ಗುಡಿಯ ಹಾಡು ಶುರುವಾಯಿತು. ಸ್ಪಷ್ಟವಾಗಿ, ಚೂಪಾಗಿ, ಗೋಡೆ ತೂತು ಮಾಡುವಂತೆ. ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಮಾತು ಕೇಳಿಸಿತು. ಮುಖ ತೊಳೆದು ಹೊರಗೆ ಬಂದರೆ ದುರುಗಪ್ಪ ಅಂಗಳದಲ್ಲಿ ನಿಂತಿದ್ದ. ಅವನ ಹಿಂದೆ ಆ ಓಣಿಯ ಮೂರು ನಾಲ್ಕು ಹೆಂಗಸರು. ಒಬ್ಬಾಕೆಯ ಕಂಕುಳಲ್ಲಿ ಅಳುವ ಕೂಸು.

ಅವರ ದೂರೆಲ್ಲ ಕೂಡಿ ಇಷ್ಟು: ಇದು ನಮ್ಮ ಗುಡಿ ಹಾಡಲ್ಲ. ಯಾವುದೋ ಬೇರೆ ಊರಿನ ಗುಡಿಯಲ್ಲಿ ಎದ್ದಂತಾಯಿತು. ಮೊದಲಿನ ಹಾಡಾದರೆ ದೂರದಿಂದ ಬಂದು ಮೆಲ್ಲಗೆ ಎಬ್ಬಿಸುತ್ತಿತ್ತು, ಇದು ಕೂದಲು ಹಿಡಿದು ಎಬ್ಬಿಸುತ್ತದೆ. ಕೂಸುಗಳು ಬೆಚ್ಚುತ್ತವೆ. ಅಲ್ಲದೆ ಹಾಡುವವನು ಒಂದು ಕಡೆ ಶ್ರುತಿ ತಪ್ಪುವುದು ಇಷ್ಟು ವರ್ಷ ಯಾರಿಗೂ ಗೊತ್ತಿರಲಿಲ್ಲ, ಈಗ ಗೊತ್ತಾಯಿತು.

ದುರುಗಪ್ಪ ತಲೆ ಕೆರೆದುಕೊಂಡು, "ಬ್ಯಾಸರ ಮಾಡ್ಕಬ್ಯಾಡ್ರಿ ಸಾರ್. ಮೊದ್ಲು ಹೆಂಗಿತ್ತೋ ಹಂಗೇ ಕೆಡಿಸಿಕೊಟ್ಬಿಡ್ರಿ," ಎಂದ.

ಅವನ ಕಾಲು ಮುಟ್ಟಬೇಕೆನಿಸಿತು. ಕೆಡಿಸಲು ಅಪ್ಪಣೆಯೇನೋ ಸಿಕ್ಕಿತು. ಆದರೆ ಹಂಗೇ ಎಂದರೆ ಎಷ್ಟು? ಒಂದು ಕೂದಲೆಳೆ ಹೆಚ್ಚಾದರೂ ಕಂಪ್ಯೂಟರಿಗೆ ಆಗದು. ಗುಡಿಗೆ ಹೋಗುವ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಗುಡಿಯ ಮೆಟ್ಟಿಲ ಮೇಲೆ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಅಲ್ಲಿ ರುದ್ರಾಣಿಯ ಕ್ಯಾಸೆಟ್ ಇತ್ತು. ಹೆಡ್ಡು ಎಷ್ಟು ವಾರೆಯಿತ್ತು ಎಂಬುದು ಅದರ ಮೈಮೇಲೆಯೇ ಬರೆದಿದೆಯಲ್ಲ. ಅದನ್ನು ಹಚ್ಚಿ, ಕೂಗು ಅತಿ ಚೂಪಾಗುವವರೆಗೆ ಸ್ಕ್ರೂ ತಿರುಗಿಸಿದರೆ ಅದೇ ಹಳೆಯ ವಾರೆ. ಹಾಗೆ ನೋಡಿದರೆ ಇದನ್ನು ಚನ್ನಗಿರಿಯಲ್ಲಿ ನನ್ನ ಮೇಜಿನ ಮೇಲೆಯೇ, ನನ್ನದೇ ಟೇಪ್ ರೆಕಾರ್ಡರಿನಲ್ಲಿ ಮಾಡಬಹುದಿತ್ತು. ಎರಡು ಬಸ್ಸು ಹತ್ತಬೇಕಿರಲಿಲ್ಲ, ಒಂದು ಊರಿನ ನಿದ್ದೆ ಕೆಡಿಸಬೇಕಿರಲಿಲ್ಲ. ನೆಟ್ಟಗಿರುವುದನ್ನು ಬೇಕೆಂದೇ ವಾರೆ ಮಾಡುವ ಯೋಚನೆ ನನ್ನಂಥವನ ತಲೆಗೆ ಬರುವುದಾದರೂ ಹೇಗೆ?

ಕ್ಯಾಸೆಟ್ ಹಾಕಿ ಗುಂಡಿ ಒತ್ತಿದೆ. ಹಾರ್ನಿನ ತಂತಿ ತೆಗೆಯಬೇಕೆಂಬುದು ನೆನಪಾದದ್ದು ಒತ್ತಿದ ಮೇಲೆ. ಕನ್ನಡ ವರ್ಣಮಾಲೆ ಒತ್ತಕ್ಷರ ಸಮೇತ ನ್ಯಾಮತಿಯ ಮೇಲೆಲ್ಲ ಕಿರುಚಿಕೊಂಡು ಹಾರಿತು. ನಾಯಿಗಳು ಬೊಗಳಿದವು. ಹೋಟೆಲಿನಿಂದ ಜನ ಲೋಟ ಹಿಡಿದುಕೊಂಡೇ ಹೊರಗೆ ಬಂದರು. ಪೂಜಾರಿ ಗರ್ಭಗುಡಿಯ ಬಾಗಿಲು ಮುಂದಕ್ಕೆ ಎಳೆದುಕೊಂಡ. ದುರುಗಪ್ಪ ತಂತಿ ಕೀಳಲು ಬಂದ. ನಾನು ಕೈ ಅಡ್ಡ ಹಿಡಿದೆ, ಏಕೆಂದರೆ ಅಷ್ಟು ದೊಡ್ಡ ಸದ್ದಿನಲ್ಲಿ ಮಂದ ಯಾವುದು ಚೂಪು ಯಾವುದು ಎಂಬುದು ಬಹಳ ಚೆನ್ನಾಗಿ ತಿಳಿಯುತ್ತಿತ್ತು. ಸ್ಕ್ರೂ ತಿರುಗಿಸಿದೆ. ಕೂಗು ಕಂಬಳಿಯಿಂದ ಹೊರಗೆ ಬಂತು. ಇನ್ನೂ ತಿರುಗಿಸಿದೆ, ಗಾಜು ಕೆರೆದಂತಾಯಿತು. ಇನ್ನಷ್ಟು ತಿರುಗಿಸಿದೆ, ಮತ್ತೆ ಮಂದವಾಯಿತು. ಹಿಂದಕ್ಕೆ ಬಂದು ಗಾಜಿನ ಬಳಿ ನಿಲ್ಲಿಸಿದೆ. ಕಸ್ತೂರಮ್ಮನ ಸೊಸೆಯಿಂದ ಉಗುರು ಬಣ್ಣ ತರಿಸಿ, ಸ್ಕ್ರೂವಿನ ತಲೆಗೆ ಒಂದು ಹನಿ ಬಿಟ್ಟು ಕದಲದಂತೆ ಮಾಡಿದೆ.

ಆಮೇಲೆ ದುರುಗಪ್ಪ ತನ್ನ ಹನುಮಂತನ ಹಾಡು ಹಚ್ಚಿದ. ಹಾಡುವವನು ಮರಳಿ ಹಗೇವಿನೊಳಗೆ ಇಳಿದ.

"ಹ್ಞೂಂ," ಎಂದರು ಕಸ್ತೂರಮ್ಮ. "ಇದು ನಮ್ದು."

ಅಂದೇ ರುದ್ರಾಣಿಗೆ, ಕಂಪ್ಯೂಟರ್ ಹಿಡಿದುಕೊಂಡು ಕೂಡಲೇ ಬಾ ಎಂದು ಟೆಲಿಗ್ರಾಂ ಕೊಟ್ಟೆ. ಮಾರನೆಯ ದಿನ ಅವಳು ಕೈಚೀಲದಲ್ಲಿ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದಳು. ನಡುವೆ ಏನೇನಾಯಿತೆಂದು ಬಸ್ಸಿನಿಂದ ಮನೆಗೆ ಬರುವಷ್ಟರಲ್ಲಿ ಊರಿನವರೇ ಅವಳಿಗೆ ಹೇಳಿಬಿಟ್ಟಿದ್ದರು, ನಾನು ಜೋಡಿಸಿಟ್ಟುಕೊಂಡಿದ್ದ ಮಾತು ದಂಡವಾಯಿತು. ಬೆಳಗಿನ ಮತ್ತು ಸಂಜೆಯ ಪೂಜೆಯ ನಡುವೆ ದುರುಗಪ್ಪ ಟೇಪ್ ರೆಕಾರ್ಡರನ್ನು ಎರಡೂ ಕೈಯಲ್ಲಿ ಹೊತ್ತು ತಂದ. ಜಯದೇವಪ್ಪನವರ ಟಿವಿಗೆ ಎಲ್ಲ ಜೋಡಿಸಿದೆವು.

ಗುಂಡಿ ಒತ್ತಿ ನಾನು ಹಿತ್ತಲಿಗೆ ಹೋಗಿ ನಿಂತೆ. ನೋಡುವ ಧೈರ್ಯವಿರಲಿಲ್ಲ. ಕೂಗು ನಡೆಯಿತು, ನಿಂತಿತು, ಮತ್ತೆ ನಡೆಯಿತು. ಆಮೇಲೆ ಮೌನ. ಒಳಗಿನಿಂದ ಯಾರೂ ಕರೆಯಲಿಲ್ಲ. ಹೋಯಿತು ಎಂದುಕೊಂಡೆ.

ಆಗ ಕಸ್ತೂರಮ್ಮನ ದನಿ ಕೇಳಿಸಿತು. ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದರು: "ಕ-ಸ್ತೂ-ರ-ಮ್ಮ-ನ-ವ-ರ ಮ-ನೆ, ನ್ಯಾ-ಮ-ತಿ."

ನಾಲ್ಕು ವರ್ಷದ ಹಿಂದೆ ಪರೀಕ್ಷೆಗೆಂದು ರುದ್ರಾಣಿ ಬರೆದಿದ್ದ ಸಾಲು ಅದು. ಒಳಗೆ ಓಡಿದೆ. ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರಗಳು, ಮೂಲೆ ಮೂಲೆಯಾಗಿ, ಇಟ್ಟಿಗೆಯಲ್ಲಿ ಕಟ್ಟಿದಂತೆ. ರುದ್ರಾಣಿ ಸೆರಗು ಬಾಯಿಗೆ ಹಿಡಿದು ಕೂತಿದ್ದಳು. ಕಸ್ತೂರಮ್ಮ ಮಾತ್ರ ಟಿವಿಗೆ ಮೂಗು ಹಚ್ಚಿ, "ಮ ಕೆಳಗಿನ ಒತ್ತು ದನಕ್ಕೆ ಉಣ್ಣೆ ಹುಳ ಕಚ್ಚಿಕೊಂಡಂಗೆ ಐತಲ್ಲೇ ರುದ್ರಾಣಿ," ಎಂದರು.

"ಜಾಗ ಇರಲಿಲ್ಲ ಕಸ್ತೂರಮ್ಮ," ಎಂದಳು ಅವಳು, ಕಣ್ಣು ಒರೆಸಿಕೊಳ್ಳುತ್ತ.

ಎಲ್ಲವನ್ನೂ ಕಸ್ತೂರಮ್ಮನ ಮನೆಯ ಹೊಸ, ನೆಟ್ಟಗಿನ ಟೇಪ್ ರೆಕಾರ್ಡರಿನಲ್ಲಿ ಹೊಸ ಕ್ಯಾಸೆಟ್ಟುಗಳಿಗೆ ತುಂಬಿಸಿದೆವು. ಅವಳು ಎರಡು ಸಾಕು ಎಂದಳು, ನಾನು ಆರು ಮಾಡಿಸಿದೆ. ವಾಪಸು ಬರುವಾಗ ಹೊನ್ನಾಳಿಯಲ್ಲಿ ಮೇಷ್ಟ್ರ ಅಂಗಡಿಗೆ ಹೋಗಿ, ಸ್ಕ್ರೂ ಮುಟ್ಟಿದೆ ಸಾರ್ ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ, ಕೊನೆಗೆ ನೆಟ್ಟಗೆ ನಿಲ್ಲಿಸಿದೆಯೋ ಇಲ್ಲವೋ ಎಂದು ಕೇಳಿದರು. ಇಲ್ಲ ಸಾರ್, ವಾರೆ ಮಾಡಿ, ಬಣ್ಣ ಹಚ್ಚಿ ಬಂದೆ ಎಂದೆ. ಅವರು ಒಂದು ಟ್ರಾನ್ಸಿಸ್ಟರ್ ಎತ್ತಿಕೊಂಡು ಅದರ ಧೂಳು ಊದಿದರು.

ಶಾಲೆ ತೆರೆದ ವಾರ ಅಧಿಕಾರಿಗಳು ಜಗಳೂರಿಗೆ ಬಂದರು. ನನ್ನನ್ನು ಯಾರೂ ಕರೆದಿರಲಿಲ್ಲ. ಆದರೂ ರಜೆ ಹಾಕಿ, ಆರರಲ್ಲಿ ಮೂರು ಕ್ಯಾಸೆಟ್, ತಂತಿಗಳು, ಸ್ಪಿರಿಟ್, ಹತ್ತಿ, ಉಗುರು ಬಣ್ಣ ಎಲ್ಲವನ್ನೂ ಚೀಲದಲ್ಲಿ ತುಂಬಿಕೊಂಡು ಹೋಗಿ ಕಿಟಕಿಯ ಹೊರಗೆ ನಿಂತೆ. ಕ್ಯಾಸೆಟ್ ಮೊದಲ ಸಲಕ್ಕೇ ಓದಿತು. ರುದ್ರಾಣಿ ಅಧಿಕಾರಿಗಳ ಹೆಸರು ಬರೆದು ತೋರಿಸಿದಳು. ಅವರು ಅದನ್ನು ನೋಡುತ್ತ ನಿಂತರು. ಆಮೇಲೆ, ನೀವು ಬರೆಯುವುದಿರಲಿ, ಮಕ್ಕಳು ಬರೆಯಲಿ ಎಂದರು. ಮುಂದಿನ ಸಾಲಿನಿಂದ ಓಬವ್ವ ಎಂಬ ಹುಡುಗಿ ಎದ್ದು ಬಂದಳು. ಒಂದೇ ಬೆರಳಿನಲ್ಲಿ ಗುಂಡಿ ಹುಡುಕಿ ಹುಡುಕಿ ತನ್ನ ಹೆಸರು ಬರೆದಳು. ಬರೆದು ಎರಡು ಹೆಜ್ಜೆ ಹಿಂದೆ ಸರಿದು ಅದನ್ನು ನೋಡಿದಳು. ಮತ್ತೆ ಮುಂದೆ ಬಂದು, ಕೆಳಗೆ ತನ್ನ ಊರಿನ ಹೆಸರು ಬಿಳಿಚೋಡು ಎಂದೂ ಬರೆದಳು. ಅಧಿಕಾರಿಗಳು ಹೆಡ್ ಮಿಸ್ಟ್ರೆಸ್ ಕಡೆ ತಿರುಗಿ, ಕಂಪ್ಯೂಟರ್ ಇಡಲು ಬೀಗ ಇರುವ ಕೋಣೆ ಯಾವುದಿದೆ ಎಂದು ಕೇಳಿದರು.

ಟೇಪಿನ ಬಗ್ಗೆ ಅವರು ಒಂದು ಮಾತನ್ನೂ ಕೇಳಲಿಲ್ಲ. ಕೇಳಿದರೆ ಹೇಳಲೆಂದು ನಾನು ಬಸ್ಸಿನಲ್ಲಿ ಉತ್ತರ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅದರಲ್ಲಿ ನನ್ನ ಪಾತ್ರ ಸ್ವಲ್ಪ ನೆಟ್ಟಗೇ ಇತ್ತು.